ಮಳೆಗಾಲ ಮುಗಿದ ಮೇಲೆ ದಡದ ಹತ್ತಿರ ಇಷ್ಟೊಂದು ಮೀನು ಬರುವುದು ಯಾಕೆ?

ಹುಬ್ಬಳ್ಳಿಯ ಗೋಕುಲ ರಸ್ತೆಯಿಂದ ಅಂಕೋಲಾದ ಕಡಲಿಗೆ ಸುಮಾರು 130 ಕಿ.ಮೀ. ದೂರ. ಯಲ್ಲಾಪುರ ದಾಟಿ ಘಟ್ಟ ಇಳಿದರೆ ಮೂರ್ನಾಲ್ಕು ತಾಸಿನ ದಾರಿ. ಹಾಗಾಗಿ ಕಡಲಲ್ಲಿ ಏನು ನಡೆದರೂ ಅದರ ಸುದ್ದಿ ನಮ್ಮ ಮೀನು ಮಾರುಕಟ್ಟೆಗೆ ಬೇಗ ಮುಟ್ಟುತ್ತದೆ. ಜೂನ್, ಜುಲೈ ತಿಂಗಳಲ್ಲಿ ಬುಟ್ಟಿಗಳು ಬರಿದಾಗಿರುತ್ತವೆ. ಚೌತಿ ಕಳೆದು ದಸರೆ ಹತ್ತಿರ ಬರುವ ಹೊತ್ತಿಗೆ ಬಂಗುಡೆ, ತಾರ್ಲೆ, ಶೆಟ್ಲಿ, ನೊಗಲಿ ಎಲ್ಲವೂ ಮತ್ತೆ ಕಾಣಿಸಿಕೊಳ್ಳುತ್ತವೆ.

ಇದಕ್ಕೆ ಕಾರಣ ಕೇಳಿದರೆ ಸಾಮಾನ್ಯವಾಗಿ ಮೂರು ಉತ್ತರ ಸಿಗುತ್ತವೆ. ಎರಡು ತಿಂಗಳು ಯಾರೂ ಹಿಡಿದಿಲ್ಲ, ಅದಕ್ಕೆ ಹೆಚ್ಚಾಗಿದೆ. ಮಳೆಗಾಲದಲ್ಲಿ ಇಟ್ಟ ಮೊಟ್ಟೆ ಒಡೆದು ಮರಿ ದೊಡ್ಡದಾಗಿವೆ. ಹೊಳೆಗಳ ನೆರೆ ನೀರು ಗೊಬ್ಬರ ತಂದು ಸುರಿದಿದೆ. ಮೂರರಲ್ಲೂ ಸ್ವಲ್ಪ ಸತ್ಯ ಇದೆ. ಆದರೆ ಮುಖ್ಯ ಕಾರಣ ಈ ಮೂರರಲ್ಲೂ ಇಲ್ಲ. ಅದು ಗಾಳಿಗೆ ಮತ್ತು ಕಡಲಿನ ತಳದ ತಣ್ಣೀರಿಗೆ ಸಂಬಂಧಿಸಿದ್ದು. ಅದನ್ನು ತಿಳಿದುಕೊಂಡರೆ ಯಾವ ಮೀನು ಕೊಳ್ಳಬೇಕು, ಯಾವುದನ್ನು ಬಿಡಬೇಕು, ಮನೆಗೆ ಹೇಗೆ ತರಬೇಕು ಎಂಬುದೂ ಗೊತ್ತಾಗುತ್ತದೆ.

ಮೊದಲು ಕಾಲದ ಲೆಕ್ಕ

ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಕರ್ನಾಟಕದಲ್ಲಿ ನಾಡದೋಣಿಗಳಿಗೆ ಮತ್ತು 10 ಅಶ್ವಶಕ್ತಿಯೊಳಗಿನ ಎಂಜಿನ್ ಕಟ್ಟಿದ ಸಣ್ಣ ದೋಣಿಗಳಿಗೆ ಈ ನಿಷೇಧದಿಂದ ವಿನಾಯಿತಿ ಇದೆ. ಆದರೆ ಅಲೆಗಳ ಅಬ್ಬರದಲ್ಲಿ ಅವರೂ ಹೆಚ್ಚಾಗಿ ಹೊಳೆ ಬಾಯಿಗಳಲ್ಲಿ, ಅಳಿವೆಗಳಲ್ಲಿ ಮಾತ್ರ ಬಲೆ ಹಾಕುತ್ತಾರೆ.

ಶ್ರಾವಣದ ನೂಲ ಹುಣ್ಣಿಮೆಯಂದು ಮೀನುಗಾರರು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ ಹೊಸ ಹಂಗಾಮು ಶುರು ಮಾಡುವ ಪದ್ಧತಿ ಇದೆ. ಇದು ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ಬರುತ್ತದೆ. ಮುಂಗಾರಿನ ಗಾಳಿಯ ಜೋರು ಇಳಿಯುವುದೂ ಅದೇ ಹೊತ್ತಿಗೆ. ಅಲ್ಲಿಂದ ನವೆಂಬರ್ ತನಕ, ಅಂದರೆ ಶರದೃತುವಿನ ಕೊನೆವರೆಗೆ, ದಡದ ಹತ್ತಿರದ ಮೀನುಗಾರಿಕೆಗೆ ಒಳ್ಳೆಯ ಕಾಲ.

ತಳದ ನೀರು ಮೇಲೆ ಬರುತ್ತದೆ

ಮುಂಗಾರು ಗಾಳಿ ನಮಗೆ ಮಳೆ ಮಾತ್ರ ತರುವುದಿಲ್ಲ. ಕರಾವಳಿಯ ಬಳಿ ಅದು ಸ್ವಲ್ಪ ವಾಯವ್ಯದ ಕಡೆ ವಾಲಿ, ದಡದ ಗುಂಟ ದಕ್ಷಿಣಕ್ಕೂ ಬೀಸುತ್ತದೆ. ಭೂಮಿ ತಿರುಗುತ್ತಿರುವುದರಿಂದ ಉತ್ತರ ಗೋಳಾರ್ಧದಲ್ಲಿ ಗಾಳಿ ತಳ್ಳಿದ ಮೇಲ್ನೀರು ನೇರ ಹೋಗದೆ ಗಾಳಿಯ ಬಲಕ್ಕೆ ಸರಿಯುತ್ತದೆ. ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ನಿಮ್ಮ ಬಲಕ್ಕೆ ಪಶ್ಚಿಮ, ಅಂದರೆ ಆಳ ಸಮುದ್ರ. ಹಾಗಾಗಿ ದಡದ ಬಳಿಯ ಬೆಚ್ಚಗಿನ ಮೇಲ್ನೀರು ದೂರ ಸರಿಯುತ್ತದೆ. ಆ ಜಾಗ ಖಾಲಿ ಇರಲು ಸಾಧ್ಯವಿಲ್ಲ. ತಳದಿಂದ ತಣ್ಣೀರು ಮೇಲೇರಿ ಅದನ್ನು ತುಂಬುತ್ತದೆ.

ಚಹಾದ ಮೇಲಿನ ಕೆನೆಯನ್ನು ಒಂದು ಕಡೆಯಿಂದ ಊದಿದರೆ ಅದು ಎದುರು ಬದಿಗೆ ಸರಿದು, ಕೆಳಗಿನ ಚಹಾ ಕಾಣಿಸುತ್ತದಲ್ಲ, ಸುಮಾರಾಗಿ ಹಾಗೆಯೇ. ವ್ಯತ್ಯಾಸ ಇಷ್ಟೇ, ಕಡಲಿನ ಕೆನೆ ಊದಿದ ದಿಕ್ಕಿಗೆ ಹೋಗದೆ ಅದರ ಬಲಕ್ಕೆ ಹೋಗುತ್ತದೆ. ಗಾಳಿ ಒಂದೇ ಇದಕ್ಕೆ ಕಾರಣವಲ್ಲ. ದಕ್ಷಿಣದಿಂದ ದಡದ ಗುಂಟ ಸಾಗಿ ಬರುವ ದೊಡ್ಡ ನಿಧಾನ ಅಲೆಗಳೂ ತಳದ ನೀರನ್ನು ಮೇಲೆತ್ತಲು ನೆರವಾಗುತ್ತವೆ. ಈ ಪ್ರಕ್ರಿಯೆ ಕೇರಳದ ಕಡೆ ಮೊದಲು ಶುರುವಾಗಿ ಉತ್ತರಕ್ಕೆ, ನಮ್ಮ ಕಡೆಗೆ, ಹರಡುತ್ತದೆ.

ತಳದ ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್‌ನಂಥ ಪೋಷಕಾಂಶಗಳು ತುಂಬಿರುತ್ತವೆ. ಮೇಲಿನಿಂದ ಸತ್ತು ಕೆಳಗೆ ಬಿದ್ದ ಜೀವಿಗಳೆಲ್ಲ ಅಲ್ಲಿ ಕೊಳೆತು ಗೊಬ್ಬರವಾಗಿರುತ್ತವೆ. ಕತ್ತಲಲ್ಲಿದ್ದ ಈ ಗೊಬ್ಬರ ಬಿಸಿಲಿರುವ ಮೇಲ್ಪದರಕ್ಕೆ ಬಂದದ್ದೇ ತಡ, ಕಣ್ಣಿಗೆ ಕಾಣದಷ್ಟು ಚಿಕ್ಕ ಸಸ್ಯಪ್ಲವಕಗಳು ಲೆಕ್ಕವಿಲ್ಲದಷ್ಟು ಬೆಳೆಯುತ್ತವೆ. ಅವನ್ನು ತಿನ್ನಲು ಪ್ರಾಣಿಪ್ಲವಕಗಳು ಬರುತ್ತವೆ. ಎರಡನ್ನೂ ಸೋಸಿ ತಿನ್ನಲು ತಾರ್ಲೆ ಮತ್ತು ಬಂಗುಡೆಯ ಹಿಂಡುಗಳು ದಡದತ್ತ ಬರುತ್ತವೆ. ಮಳೆಗಾಲದ ನಂತರದ ತಾರ್ಲೆಯಲ್ಲಿ ಎಣ್ಣೆ ಹೆಚ್ಚು, ರುಚಿಯೂ ಹೆಚ್ಚು. ಅದು ತಿಂದು ಕೊಬ್ಬಿದ್ದು ಈ ಮೇವನ್ನೇ.

ಉಸಿರು ಕಟ್ಟುವ ನೀರು

ಇಲ್ಲಿಯವರೆಗೆ ಹೇಳಿದ್ದು ಮೀನನ್ನು ದಡಕ್ಕೆ ಕರೆಯುವ ಕಾರಣ. ಅದನ್ನು ದಡಕ್ಕೆ ತಳ್ಳುವ ಕಾರಣವೂ ಒಂದಿದೆ. ಇದರ ಬಗ್ಗೆ ಹೆಚ್ಚು ಜನಕ್ಕೆ ಗೊತ್ತಿಲ್ಲ.

ಕೊಳೆಯುವಿಕೆಗೆ ಆಮ್ಲಜನಕ ಬೇಕು. ಹಾಗಾಗಿ ಗೊಬ್ಬರ ತುಂಬಿದ ತಳದ ನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ. ಅದು ದಡದ ಬಳಿಯ ಆಳವಿಲ್ಲದ ಕಡಲಿಗೆ ಹರಡಿದಾಗ ಅದರ ಮೇಲೆ ಮಳೆ ಮತ್ತು ಹೊಳೆಗಳ ಸಿಹಿನೀರು ಬೆರೆತ ಹಗುರ ಪದರವೊಂದು ಮುಚ್ಚಳದಂತೆ ಕೂರುತ್ತದೆ. ಗಾಳಿಯ ಆಮ್ಲಜನಕ ಕೆಳಗೆ ಇಳಿಯದು. ಮೇಲಿನ ಪ್ಲವಕಗಳು ಸತ್ತು ಬಿದ್ದಂತೆಲ್ಲ ಕೆಳಗೆ ಉಳಿದ ಆಮ್ಲಜನಕವೂ ಖರ್ಚಾಗುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಇದು ತೀರಾ ಕೆಳಮಟ್ಟ ಮುಟ್ಟುತ್ತದೆ. ಕೆಲವೆಡೆ ತಳದಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಕೂಡ ಕಾಣಿಸಿಕೊಳ್ಳುತ್ತದೆ.

ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 2000ರಲ್ಲಿ ನೇಚರ್ ಪತ್ರಿಕೆಯಲ್ಲಿ ಈ ಬಗ್ಗೆ ಬರೆದಾಗ ಜಗತ್ತಿನ ಗಮನ ಇತ್ತ ತಿರುಗಿತು. ಅದಕ್ಕೂ ಬಹಳ ಮೊದಲು, 1959ರಲ್ಲಿ, ಕಾರ್ಲ್ ಬಾನ್ಸೆ ಎಂಬ ಸಾಗರ ವಿಜ್ಞಾನಿ ಭಾರತದ ನೈಋತ್ಯ ಕರಾವಳಿಯಲ್ಲಿ ಮೇಲೇರುವ ನೀರಿಗೂ ತಳಬಲೆ ಎಳೆಯುವವರ ಹಿಡುವಳಿಗೂ ಇರುವ ನಂಟನ್ನು ವಿವರಿಸಿದ್ದರು.

ಆಮ್ಲಜನಕ ಕಡಿಮೆಯಾದಾಗ ತಳದಲ್ಲಿ ಬದುಕುವ ಮೀನುಗಳಿಗೆ ಎರಡೇ ದಾರಿ: ಜಾಗ ಬಿಡುವುದು ಅಥವಾ ಸಾಯುವುದು. ಅಲೆಗಳು ನೀರನ್ನು ಕಲಕಿ ಗಾಳಿ ಬೆರೆಸುವ ತೀರಾ ದಡದ ಪಟ್ಟಿಗೆ, ಇಲ್ಲವೇ ಮೇಲ್ಪದರಕ್ಕೆ ಅವು ಸರಿಯುತ್ತವೆ. ಮೇಲ್ಪದರದ ಮೀನುಗಳಿಗೂ ಈಜಲು ಸಿಗುವುದು ಕೆಲವೇ ಮೀಟರ್ ದಪ್ಪದ ನೀರು. ಆದ್ದರಿಂದ ಈ ಕಾಲದಲ್ಲಿ ದಡದಲ್ಲಿ ಮೀನು ದಟ್ಟವಾಗಿ ಕಂಡರೆ ಇಡೀ ಕಡಲಿನಲ್ಲಿ ಮೀನು ಅಷ್ಟೇ ಹೆಚ್ಚಿದೆ ಎಂದು ಅರ್ಥವಲ್ಲ. ಹರಡಿಕೊಂಡಿದ್ದ ಮೀನು ಸಣ್ಣ ಜಾಗಕ್ಕೆ ಬಂದು ಒಟ್ಟಾಗಿದೆ ಎಂದೂ ಆಗಿರಬಹುದು. ಈ ಮಾತು ಮುಂದೆ ಮತ್ತೆ ಬೇಕಾಗುತ್ತದೆ.

ನವೆಂಬರ್ ಹೊತ್ತಿಗೆ ದಡದ ಗುಂಟ ಹರಿಯುವ ಪ್ರವಾಹ ದಿಕ್ಕು ಬದಲಿಸಿ ಉತ್ತರಕ್ಕೆ ತಿರುಗುತ್ತದೆ. ಉಸಿರು ಕಟ್ಟುವ ನೀರು ಆಳಕ್ಕೆ ಹಿಂದೆ ಸರಿಯುತ್ತದೆ. ಕಡಲು ಮತ್ತೆ ಬೆಚ್ಚಗಾಗುತ್ತದೆ.

ಹಾಗಾದರೆ ಹೊಳೆ ನೀರಿನ ಪಾತ್ರ ಏನು?

ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲಾ ಮುಂದೆ ಬೇಡ್ತಿಯಾಗಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರಿನಲ್ಲಿ ಕಡಲು ಸೇರುತ್ತಾಳೆ. ಅಂದರೆ ಧಾರವಾಡದ ಒಂದಷ್ಟು ಮಳೆ ನೀರು ಅದೇ ಕಡಲಿಗೆ ಹೋಗುತ್ತದೆ. ಉತ್ತರದ ಕಾಳಿ, ದಕ್ಷಿಣದ ಅಘನಾಶಿನಿ, ಶರಾವತಿಯ ನೀರೂ ಹಾಗೆಯೇ.

ಈ ನೀರು ತರುವ ಗೊಬ್ಬರ ತಳದಿಂದ ಮೇಲೇರುವುದಕ್ಕೆ ಹೋಲಿಸಿದರೆ ಕಡಿಮೆ. ಆದರೆ ಹೊಳೆಗಳು ಬೇರೊಂದು ದೊಡ್ಡ ಕೆಲಸ ಮಾಡುತ್ತವೆ. ಉಪ್ಪು ಮತ್ತು ಸಿಹಿ ನೀರು ಬೆರೆಯುವ ಅಳಿವೆ, ಅಲ್ಲಿನ ಕಾಂಡ್ಲಾ ಗಿಡಗಳ ಬೇರು, ಕೆಸರು ಬಯಲು ಇವು ಶೆಟ್ಲಿ, ಏಡಿ ಮತ್ತು ಹಲವು ಮೀನುಗಳ ಮರಿಗಳಿಗೆ ಬಾಲವಾಡಿ ಇದ್ದಂತೆ. ಕಡಲಲ್ಲಿ ಹುಟ್ಟಿದ ಶೆಟ್ಲಿ ಮರಿ ಅಳಿವೆಗೆ ಬಂದು ಬೆಳೆದು ಮತ್ತೆ ಕಡಲಿಗೆ ಹೋಗುತ್ತದೆ. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು. ಅಲ್ಲಿನ ಚಿಪ್ಪಿಕಲ್ಲನ್ನು ಆರಿಸಿ ಬದುಕುವ ಕುಟುಂಬಗಳೂ ಬಹಳ ಇವೆ.

ದಡದಲ್ಲಿ ಹಿಡಿಯುವುದು ಹೇಗೆ?

ಕಾರವಾರ ಕಡೆಯ ದಡದ ಮೀನುಗಾರಿಕೆ ಎಂದರೆ ಹಿಂದೆ ರಂಪಣಿ. ಕಿಲೋಮೀಟರಿಗೂ ಉದ್ದದ ಬಲೆಯನ್ನು ದೋಣಿಯಲ್ಲಿ ಒಯ್ದು, ಬಂಗುಡೆ ಹಿಂಡನ್ನು ಅರ್ಧಚಂದ್ರದ ಆಕಾರದಲ್ಲಿ ಸುತ್ತುವರಿದು, ಎರಡೂ ತುದಿಯನ್ನು ಹತ್ತಾರು ಜನ ದಡದಿಂದ ಎಳೆಯುತ್ತಿದ್ದರು. ಎಳೆದವರಿಗೆಲ್ಲ ಪಾಲು. 1970ರ ದಶಕದ ನಡುವೆ ಪರ್ಸೀನ್ ಬಲೆಗಳು ಬಂದವು. ಅವು ದಡಕ್ಕೆ ಬರುವ ಮೊದಲೇ ಹಿಂಡನ್ನು ಸುತ್ತುವರಿಯತೊಡಗಿದ ಮೇಲೆ ರಂಪಣಿ ಸೊರಗಿತು. ಇಂದು ಉಳಿದಿರುವುದು ಅದರ ಚಿಕ್ಕ ರೂಪಗಳಾದ ಯೆಂಡಿ ಮತ್ತು ಕೈರಂಪಣಿ. ಇವಲ್ಲದೆ ನೀರಿನಲ್ಲಿ ಗೋಡೆಯಂತೆ ನಿಲ್ಲಿಸುವ ಕಿವಿರುಬಲೆ, ಅಳಿವೆಯಲ್ಲಿ ಬೀಸುಬಲೆ, ಗಾಳ ಬಳಕೆಯಲ್ಲಿವೆ.

ಗಾಳಕ್ಕೆ ಹೇಳಿಮಾಡಿಸಿದ ಮೀನು ನೊಗಲಿ. ಮಂಗಳೂರು ಕಡೆ ಇದನ್ನೇ ಕಾಣೆ ಎನ್ನುತ್ತಾರೆ. ಮರಳು ತಳದಲ್ಲಿ ಹುಳು, ಸಣ್ಣ ಶೆಟ್ಲಿಗಳನ್ನು ಹುಡುಕಿ ತಿನ್ನುವ ಮೀನು ಇದು. ಹಾಗಾಗಿ ಮರಳು ದಂಡೆ ಮತ್ತು ಅಳಿವೆ ಬಾಯಿಯಲ್ಲಿ ಸಿಗುತ್ತದೆ.

ಹುಣ್ಣಿಮೆ, ಅಮಾವಾಸ್ಯೆಯ ಮಾತು ನಿಜವೇ?

ಅರ್ಧ ನಿಜ. ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನಲ್ಲಿ ಸೂರ್ಯ, ಚಂದ್ರರ ಸೆಳೆತ ಒಟ್ಟುಗೂಡಿ ಭರತ ಇಳಿತಗಳು ದೊಡ್ಡದಾಗುತ್ತವೆ. ಅಳಿವೆಯಲ್ಲಿ ನೀರಿನ ಓಟ ಜೋರಾಗುತ್ತದೆ. ಆ ಓಟದಲ್ಲಿ ಸಣ್ಣ ಜೀವಿಗಳು ಕೊಚ್ಚಿ ಬರುತ್ತವೆ, ಅವನ್ನು ಹಿಡಿಯಲು ಮೀನು ಕಾಯುತ್ತದೆ. ನೀರು ನಿಂತಿರುವ ಹೊತ್ತಿಗಿಂತ ಹರಿಯುವ ಹೊತ್ತಿನಲ್ಲಿ ಗಾಳಕ್ಕೆ ಮೀನು ಸಿಗುವ ಸಾಧ್ಯತೆ ಹೆಚ್ಚು. ಇದನ್ನು ತಿಳಿಯಲು ಪಂಚಾಂಗಕ್ಕಿಂತ ಆ ದಿನದ ಭರತ ಇಳಿತದ ವೇಳಾಪಟ್ಟಿ ಉಪಯೋಗಕ್ಕೆ ಬರುತ್ತದೆ.

ಹುಣ್ಣಿಮೆಯ ಏಡಿ ಪೊಳ್ಳು ಎಂಬ ಮಾತೂ ಇದೆ. ಏಡಿ ಬೆಳೆಯುವಾಗ ಹಳೆಯ ಚಿಪ್ಪು ಕಳಚುತ್ತದೆ. ಹೊಸ ದೊಡ್ಡ ಚಿಪ್ಪಿನೊಳಗೆ ಮಾಂಸ ತುಂಬುವವರೆಗೆ ಅದರಲ್ಲಿ ನೀರೇ ಹೆಚ್ಚು. ಪೊಳ್ಳುತನಕ್ಕೆ ಕಾರಣ ಈ ಚಿಪ್ಪು ಕಳಚುವಿಕೆ. ಎಲ್ಲ ಏಡಿಗಳೂ ಒಂದೇ ದಿನ ಚಿಪ್ಪು ಬಿಡುವುದಿಲ್ಲ. ಕೈಯಲ್ಲಿ ಹಿಡಿದು ನೋಡಿ: ಗಾತ್ರಕ್ಕೆ ತಕ್ಕ ಭಾರ ಇದ್ದು ಹೊಟ್ಟೆಯ ಕಡೆ ಒತ್ತಿದರೆ ಗಟ್ಟಿ ಇದ್ದರೆ ತುಂಬಿದ ಏಡಿ. ತಿಥಿ ಯಾವುದಾದರೂ ಸರಿ.

ಹೆಚ್ಚು ಸಿಕ್ಕಿತೆಂದು ಹೆಚ್ಚು ಹಿಡಿಯಬಹುದೇ?

ಮೇಲೆ ಹೇಳಿದ ಮಾತು ಇಲ್ಲಿ ಬೇಕು. ಒಟ್ಟುಗೂಡಿದ ಮೀನನ್ನು ಹಿಡಿಯುವುದು ಸುಲಭ. ಅದೇ ಅಪಾಯ. ತಾರ್ಲೆ, ಬಂಗುಡೆ ಎರಡೂ ಮಳೆಗಾಲದ ಆಸುಪಾಸಿನಲ್ಲಿ ಮೊಟ್ಟೆ ಇಡುತ್ತವೆ. ಹಾಗಾಗಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ದಡದ ನೀರಿನಲ್ಲಿ ದೊಡ್ಡ ಮೀನಿನ ಜೊತೆ ಅದೇ ವರ್ಷದ ಮರಿಗಳೂ ಇರುತ್ತವೆ. ಸಣ್ಣ ಕಣ್ಣಿನ ಬಲೆ ಎರಡನ್ನೂ ಬಿಡುವುದಿಲ್ಲ. ತಿನ್ನಲು ಬಾರದ ಮರಿಗಳು ಮೀನುಪುಡಿ, ಮೀನೆಣ್ಣೆಯ ಕಾರ್ಖಾನೆ ಸೇರುತ್ತವೆ.

ಕೇರಳದ ಉದಾಹರಣೆ ನೋಡಿ. 2012ರಲ್ಲಿ ಅಲ್ಲಿ ಸುಮಾರು 4 ಲಕ್ಷ ಟನ್ ತಾರ್ಲೆ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ಕಡಲಿನ ತಾಪ, ಮಳೆ, ಮೇವು ಎಲ್ಲವೂ ಇದಕ್ಕೆ ಕಾರಣ. ತಾರ್ಲೆ ಹಿಂದೆಯೂ ಹೀಗೆ ಏರಿಳಿದಿದೆ. ಆದರೆ ಇಳಿಯುವ ವರ್ಷದಲ್ಲಿ ಮರಿಗಳನ್ನೂ ಬಳಿದರೆ ಮೇಲೇಳಲು ಬೀಜವೇ ಉಳಿಯದು. ಕಡಲಿಗೆ ದೂರ ಹೋಗಲಾರದ ನಾಡದೋಣಿಯವರಿಗೆ ಇಂಥ ವರ್ಷಗಳಲ್ಲಿ ಬೇರೆ ದಾರಿ ಇರುವುದಿಲ್ಲ.

ಅದಕ್ಕೇ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಹಿಡಿಯಬಹುದಾದ ಕನಿಷ್ಠ ಗಾತ್ರಗಳನ್ನು ಸೂಚಿಸಿದೆ. ಇದರ ಆಧಾರದ ಮೇಲೆ ಕೇರಳ ಸರ್ಕಾರ ತಾರ್ಲೆಗೆ 10 ಸೆಂ.ಮೀ., ಬಂಗುಡೆಗೆ 14 ಸೆಂ.ಮೀ. ಮಿತಿ ಹಾಕಿದೆ. ಲೈಟ್ ಹಾಕಿ ಮೀನು ಸೆಳೆಯುವುದನ್ನು ಮತ್ತು ಎರಡು ದೋಣಿ ಸೇರಿ ಎಳೆಯುವ ತಳಬಲೆಯನ್ನು ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ನಿಷೇಧಿಸಿತು.

ಕೊಳ್ಳುವವರಿಗೂ ಒಂದು ಸುಲಭ ಅಳತೆಗೋಲು ಇದೆ. ನೇರಳೆ ಬಣ್ಣದ ಹೊಸ 100 ರೂಪಾಯಿ ನೋಟಿನ ಉದ್ದ 14.2 ಸೆಂ.ಮೀ. ಮೂತಿಯಿಂದ ಬಾಲದ ತುದಿವರೆಗೆ ಆ ನೋಟಿಗಿಂತ ಚಿಕ್ಕದಾದ ಬಂಗುಡೆ ಇನ್ನೂ ಮರಿ. ಅದಕ್ಕಿಂತ ಸ್ವಲ್ಪ ದೊಡ್ಡದಾದರೂ ಅದು ಒಮ್ಮೆಯೂ ಮೊಟ್ಟೆ ಇಟ್ಟಿರಲಿಕ್ಕಿಲ್ಲ. ಮರಿಗೆ ಗಿರಾಕಿ ಇಲ್ಲದಿದ್ದರೆ ಅದನ್ನು ಹಿಡಿಯುವ ಆಸೆಯೂ ಕಡಿಮೆಯಾಗುತ್ತದೆ.

ಘಟ್ಟ ಹತ್ತಿ ಬರುವ ಮೀನು: ಚೆನ್ನಾಗಿ ಬೇಯಿಸಿದರೆ ಸಾಕೇ?

ಬಂಗುಡೆ, ತಾರ್ಲೆ, ಕೇದರ ಮುಂತಾದ ಕಪ್ಪು ಮಾಂಸದ ಮೀನುಗಳ ವಿಷಯದಲ್ಲಿ ಸಾಲದು. ಇವುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೆಚ್ಚು. ಮೀನು ಸತ್ತ ಮೇಲೆ ತಣ್ಣಗಿಡದಿದ್ದರೆ ಬ್ಯಾಕ್ಟೀರಿಯಾಗಳು ಇದನ್ನು ಹಿಸ್ಟಮಿನ್ ಆಗಿ ಬದಲಿಸುತ್ತವೆ. ಹಿಸ್ಟಮಿನ್ ಬೇಯಿಸಿದರೂ ಹುರಿದರೂ ಹೋಗುವುದಿಲ್ಲ. ಹುಣಸೆ ಹುಳಿಗೂ ಜಗ್ಗದು. ಆಮೇಲೆ ಫ್ರೀಜರಿನಲ್ಲಿಟ್ಟರೆ ಹೊಸದಾಗಿ ಹುಟ್ಟುವುದು ನಿಲ್ಲಬಹುದು, ಆಗಲೇ ಹುಟ್ಟಿದ್ದು ಹಾಗೆಯೇ ಇರುತ್ತದೆ. ಅಂತರರಾಷ್ಟ್ರೀಯ ಆಹಾರ ಮಾನದಂಡದಲ್ಲಿ ಇದಕ್ಕೆ ಕಿಲೋ ಮೀನಿಗೆ 200 ಮಿಲಿಗ್ರಾಂ ಮಿತಿ ಇದೆ.

ಇಂಥ ಮೀನು ತಿಂದ ಕೆಲವೇ ನಿಮಿಷಗಳಿಂದ ಒಂದೆರಡು ತಾಸಿನೊಳಗೆ ಮುಖ ಕೆಂಪಾಗುವುದು, ಬಾಯಿ ಉರಿ, ತಲೆನೋವು, ಎದೆಬಡಿತ, ಮೈ ತುರಿಕೆ, ಹೊಟ್ಟೆ ತೊಳಸುವುದು ಕಾಣಿಸಬಹುದು. ಹಲವರು ಇದನ್ನು ಮೀನಿನ ಅಲರ್ಜಿ ಎಂದುಕೊಂಡು ಜೀವನಪೂರ್ತಿ ಮೀನು ಬಿಡುತ್ತಾರೆ. ಹಿಂದೆ ಅದೇ ಮೀನು ತಿಂದು ಏನೂ ಆಗಿರದಿದ್ದರೆ, ಜೊತೆಗೆ ಊಟ ಮಾಡಿದ ಇನ್ನಿಬ್ಬರಿಗೂ ಹೀಗೇ ಆಗಿದ್ದರೆ, ಹಿಸ್ಟಮಿನ್ ಎಂದು ಅನುಮಾನಿಸಬಹುದು. ತೀರ್ಮಾನ ವೈದ್ಯರದ್ದು. ಉಸಿರಾಟಕ್ಕೆ ತೊಂದರೆಯಾದರೆ, ತಲೆ ಸುತ್ತಿ ಬಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಕೊಳ್ಳುವಾಗ ಉಬ್ಬಿದ ತಿಳಿಗಣ್ಣು, ಕೆಂಪು ಕಿವಿರು, ಒತ್ತಿದರೆ ಮೇಲೇಳುವ ಮಾಂಸ ನೋಡುವುದು ಸರಿಯೇ. ಆದರೆ ನೋಡಲು ಚೆನ್ನಾಗಿರುವ ಮೀನಿನಲ್ಲೂ ಹಿಸ್ಟಮಿನ್ ಇರಬಹುದು. ಹಾಗಾಗಿ ಮೀನಿನ ಜೊತೆಗೆ ಐಸನ್ನೂ ನೋಡಿ. ಮೀನಿನಷ್ಟೇ ತೂಕದ ಐಸ್ ಇರಬೇಕು ಎಂಬುದು ಸಾಮಾನ್ಯ ಲೆಕ್ಕ. ಐಸಿನ ಮೇಲೆ ಇಟ್ಟಿದ್ದರೆ ಸಾಲದು, ಐಸಿನ ನಡುವೆ ಹೂತಿರಬೇಕು. ಕೊಂಡ ಮೇಲೆ ಬೇರೆ ನಾಲ್ಕು ಕೆಲಸ ಮುಗಿಸಿ ಮನೆಗೆ ಹೋಗಬೇಡಿ. ಮೀನನ್ನೇ ಕೊನೆಯ ಕೆಲಸ ಮಾಡಿಕೊಳ್ಳಿ. ಮಸಾಲೆ ಹಚ್ಚಿದ ಮೀನನ್ನು ಅಡುಗೆಮನೆಯ ಕಟ್ಟೆಯ ಮೇಲೆ ತಾಸುಗಟ್ಟಲೆ ಬಿಡದೆ ಫ್ರಿಜ್ಜಿನಲ್ಲಿಡಿ.

ರಜೆಯಲ್ಲಿ ಗಾಳ ಹಿಡಿದು ಹೋಗುವವರಿಗೆ

ದಸರೆ, ದೀಪಾವಳಿ ರಜೆಗೆ ಹುಬ್ಬಳ್ಳಿ ಧಾರವಾಡದಿಂದ ಗೋಕರ್ಣ, ಕಾರವಾರ, ಮುರ್ಡೇಶ್ವರಕ್ಕೆ ಹೋಗುವವರು ಬಹಳ. ಕೆಲವರು ಗಾಳವನ್ನೂ ಒಯ್ಯುತ್ತಾರೆ. ಅವರು ನೆನಪಿಡಬೇಕಾದ ಸಂಗತಿಗಳು:

- ಮಳೆಗಾಲದ ಅಲೆ ದಂಡೆಯ ಮರಳನ್ನು ಕೊರೆದಿರುತ್ತದೆ. ಅದು ಮತ್ತೆ ತುಂಬಲು ತಿಂಗಳುಗಳು ಬೇಕು. ಅಲ್ಲಿಯವರೆಗೆ ದಡದ ಬಳಿ ಗುಂಡಿ, ಕಾಲುವೆಗಳಿರುತ್ತವೆ. ಇವುಗಳಲ್ಲಿ ನೀರು ಒಳಕ್ಕೆ ಸೆಳೆಯುತ್ತದೆ. ಸಿಕ್ಕಿಕೊಂಡರೆ ದಡದತ್ತ ನೇರ ಈಜಬೇಡಿ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬನ್ನಿ.
- ಕಡಲು ಶಾಂತವಾಗಿ ಕಂಡರೂ ಅಕ್ಟೋಬರ್, ನವೆಂಬರ್ ಅರಬ್ಬಿ ಸಮುದ್ರದ ಚಂಡಮಾರುತದ ಕಾಲ. 2019ರ ಅಕ್ಟೋಬರ್ ಕೊನೆಯಲ್ಲಿ ಕ್ಯಾರ್ ಚಂಡಮಾರುತ ಎದ್ದಾಗ ಬೇರೆ ರಾಜ್ಯಗಳ ದೋಣಿಗಳೂ ಕಾರವಾರದಲ್ಲಿ ಆಶ್ರಯ ಪಡೆದಿದ್ದವು. ಹವಾಮಾನ ಇಲಾಖೆ ಮತ್ತು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಅಲೆಗಳ ಮುನ್ನೆಚ್ಚರಿಕೆ ನೋಡದೆ ಬಂಡೆಗಳ ಮೇಲೆ ನಿಲ್ಲಬೇಡಿ.
- ತೊರಕೆ ಮೀನಿನ ಬಾಲದಲ್ಲಿ, ಮೀಸೆಯಿರುವ ಶೇಡೆ ಮೀನಿನ ರೆಕ್ಕೆಗಳಲ್ಲಿ ವಿಷದ ಮುಳ್ಳು ಇರುತ್ತದೆ. ಚುಚ್ಚಿದರೆ ಆ ಭಾಗವನ್ನು ತಡೆದುಕೊಳ್ಳಬಹುದಾದಷ್ಟು ಬಿಸಿ ನೀರಿನಲ್ಲಿ, 45 ಡಿಗ್ರಿ ಸೆಲ್ಸಿಯಸ್ ಮೀರದಂತೆ, ಅರ್ಧದಿಂದ ಒಂದೂವರೆ ತಾಸು ಇಟ್ಟರೆ ನೋವು ಇಳಿಯುತ್ತದೆ. ನೋವಿರುವ ಜಾಗಕ್ಕೆ ಬಿಸಿ ತಿಳಿಯದು. ಬೇರೆಯವರು ಕೈ ಹಾಕಿ ನೋಡಲಿ. ಮುಳ್ಳು ಒಳಗೇ ಉಳಿದಿದ್ದರೆ, ಎದೆಗೆ ಅಥವಾ ಹೊಟ್ಟೆಗೆ ಚುಚ್ಚಿದ್ದರೆ ಕೀಳಲು ಹೋಗದೆ ವೈದ್ಯರ ಬಳಿ ಹೋಗಿ. ಧನುರ್ವಾಯು ಚುಚ್ಚುಮದ್ದಿನ ಬಗ್ಗೆಯೂ ಕೇಳಿ.
- ಚಿಕ್ಕ ಮೀನು ಸಿಕ್ಕರೆ ಒದ್ದೆ ಕೈಯಲ್ಲಿ ಗಾಳ ಬಿಡಿಸಿ ನೀರಿಗೆ ಬಿಡಿ. ಒಣ ಕೈ ಅದರ ಮೈಮೇಲಿನ ಲೋಳೆಯನ್ನು ಕಿತ್ತುಹಾಕುತ್ತದೆ. ಆ ಲೋಳೆಯೇ ಅದಕ್ಕೆ ರೋಗದಿಂದ ರಕ್ಷಣೆ.
- ಹಿಡಿದ ಮೀನಿಗೆ ಐಸ್ ಪೆಟ್ಟಿಗೆ ಮೊದಲೇ ಸಿದ್ಧವಿರಲಿ. ಬಿಸಿಲಿನಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಮೂರು ತಾಸು ಬಿದ್ದ ಬಂಗುಡೆಯನ್ನು ಹುಬ್ಬಳ್ಳಿಯ ಫ್ರಿಜ್ ಸರಿ ಮಾಡಲಾರದು.

ಒಟ್ಟಿನಲ್ಲಿ

ಶರದೃತುವಿನಲ್ಲಿ ದಡಕ್ಕೆ ಮೀನು ಬರುವುದಕ್ಕೆ ಎರಡು ಕಾರಣ: ತಳದಿಂದ ಮೇಲೇರಿದ ನೀರು ಮೇವನ್ನು ಬೆಳೆಸುತ್ತದೆ, ಅದೇ ನೀರು ಆಳದಲ್ಲಿ ಉಸಿರಾಡಲು ಬಿಡುವುದಿಲ್ಲ. ಮೀನುಗಾರಿಕೆ ನಿಷೇಧ, ಮೊಟ್ಟೆ ಇಡುವ ಕಾಲ, ಹೊಳೆಯ ನೀರು ಇವೆಲ್ಲ ಅದಕ್ಕೆ ಜೊತೆ ಸೇರುತ್ತವೆ. ಈ ಸಮೃದ್ಧಿ ಕೆಲವೇ ತಿಂಗಳಿನದು, ಕೆಲವೇ ಕಿಲೋಮೀಟರ್ ಅಗಲದ ಪಟ್ಟಿಯದು, ಅದರಲ್ಲಿ ಮುಂದಿನ ವರ್ಷದ ಮೀನೂ ಸೇರಿದೆ. ಮುಂದಿನ ಸಲ ಮೀನು ಕೊಳ್ಳುವಾಗ ಎರಡೇ ಎರಡು ನೋಡಿ: ಬಂಗುಡೆ 100 ರೂಪಾಯಿ ನೋಟಿಗಿಂತ ದೊಡ್ಡದಿದೆಯೇ, ಅದು ಐಸಿನೊಳಗೆ ಇದೆಯೇ. ಎರಡಕ್ಕೂ ಹೌದು ಎಂದಾದರೆ ಧೈರ್ಯವಾಗಿ ಮನೆಗೆ ತನ್ನಿ.